ಕೂದಲಿಗೆ ದುರಸ್ತಿಯಿಲ್ಲ

ನರೆಗೆ ಬಣ್ಣ ಹಚ್ಚುವುದು ಈಗ ಮಧ್ಯಮ ವರ್ಗದ ಮಾಸಿಕ ಖರ್ಚುಗಳಲ್ಲೊಂದು. ನನ್ನ ವಾರಿಗೆಯ ನಿವೃತ್ತರಲ್ಲಿಯೂ ಹಚ್ಚದವರನ್ನು ಹುಡುಕಬೇಕು. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು, ಬಣ್ಣದಿಂದ ಹಾಳಾದ ಕೂದಲನ್ನು ‘ರಿಪೇರಿ’ ಮಾಡುತ್ತೇವೆಂದು ಅದೇ ಅಂಗಡಿಯ ಪಕ್ಕದ ಕಪಾಟಿನಲ್ಲಿ ಮಾರಾಟಕ್ಕಿಡುವ ಸೀಸೆಗಳ ಬಗ್ಗೆ.

ಶಾಶ್ವತ ಬಣ್ಣ ಕೂದಲಿನ ಮೇಲೆ ಕೂರುವುದಿಲ್ಲ, ಒಳಗಿಳಿಯುತ್ತದೆ. ಕೂದಲಿನ ಹೊರಪದರವು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಒರಗಿದ ಹುರುಪೆಗಳಿಂದಾದುದು. ಅಮೋನಿಯಾ ಆ ಹೆಂಚುಗಳನ್ನು ಎತ್ತುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಹೊಕ್ಕು, ಅಳಿದುಳಿದ ಸಹಜ ವರ್ಣವನ್ನು ಅಳಿಸಿ, ಪಿಪಿಡಿ ಎಂಬ ರಾಸಾಯನಿಕದ ಸಣ್ಣ ಅಣುಗಳು ಪರಸ್ಪರ ಬೆಸೆದುಕೊಳ್ಳುವಂತೆ ಮಾಡುತ್ತದೆ. ಒಳಹೋದದ್ದು ಹೊರಬರಲಾಗದಷ್ಟು ದೊಡ್ಡದಾಗುವುದೇ ಬಣ್ಣ ನಿಲ್ಲುವ ಗುಟ್ಟು. ಈ ವ್ಯವಹಾರದಲ್ಲಿ ಮೇಲ್ಮೈಯ ಜಿಡ್ಡಿನ ತೆಳುಪೊರೆ ಕಳಚುತ್ತದೆ; ಕೆರಾಟಿನ್ ಎಂಬ ಪ್ರೋಟೀನಿನ ಗಂಧಕದ ಬೆಸುಗೆಗಳಲ್ಲಿ ಕೆಲವು ಮುರಿಯುತ್ತವೆ. ಒರಟುತನ, ಸಿಕ್ಕು, ಸೀಳಿದ ತುದಿಗಳು ಇದರ ಫಲ.

ಚರ್ಮದ ಗಾಯ ಮಾಯುತ್ತದೆ, ಅಲ್ಲಿ ಜೀವಕೋಶಗಳಿವೆ. ನೆತ್ತಿಯಿಂದ ಹೊರಬಂದ ಕೂದಲು ನಿರ್ಜೀವ ವಸ್ತು. ಕಂಡೀಷನರ್ ಅದಕ್ಕೆ ಲೇಪನವಷ್ಟೇ. ನಾಲ್ಕಾರು ಸ್ನಾನಕ್ಕೆ ತೊಳೆದುಹೋಗುವಂಥದು. ಕೊಬ್ಬರಿ ಎಣ್ಣೆ ತುಸು ಒಳಗಿಳಿದು ಮುಂದಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಆದ ನಷ್ಟವನ್ನು ತುಂಬದು. ಅರ್ಥಶಾಸ್ತ್ರದ ಮಾತಿನಲ್ಲಿ ಇದು ದುರಸ್ತಿ ವೆಚ್ಚಕ್ಕೆ ಬಗ್ಗದ ಸವಕಳಿ. ಹೊಸ ಬಂಡವಾಳವೇ ಬರಬೇಕು. ಅದು ಬರುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ. ಗಂಡಸರ ತುಂಡುಗೂದಲು ಐದಾರು ತಿಂಗಳಲ್ಲಿ ಹೊಸದಾದೀತು. 40 ಸೆಂಟಿಮೀಟರಿನ ಜಡೆಗೆ ಮೂರು ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ಹಚ್ಚಲೇಬೇಕೆನ್ನುವವರು ಹೊಸದಾಗಿ ಬೆಳೆದ ಬುಡಕ್ಕಷ್ಟೇ ಹಚ್ಚುವುದು ಲೇಸು; ಪ್ರತಿ ಸಲ ತುದಿಯವರೆಗೆ ಎಳೆದರೆ ಹಳೆಯ ಕೂದಲು ಮತ್ತೆ ಮತ್ತೆ ಪೆಟ್ಟು ತಿನ್ನುತ್ತದೆ.

ಕೂದಲು ಹೋದರೆ ಬಂದೀತು. ಚರ್ಮದ ವಿಷಯ ಹಾಗಲ್ಲ. ಪಿಪಿಡಿಗೆ ಒಮ್ಮೆ ಅಲರ್ಜಿ ಹುಟ್ಟಿದರೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ವರ್ಷಗಟ್ಟಲೆ ತೊಂದರೆಯಿಲ್ಲದೆ ಹಚ್ಚಿಕೊಂಡವರಿಗೂ ಅದು ಹಠಾತ್ತನೆ ಬರಬಹುದು. ‘ಕಪ್ಪು ಮೆಹಂದಿ’ ಎಂದು ಮಾರುವ ಎಷ್ಟೋ ಪುಡಿಗಳಲ್ಲಿಯೂ ಇರುವುದು ಇದೇ.

ಕಾಯಿದೆ ಇದನ್ನು ಮರೆತಿಲ್ಲ. ಔಷಧ ಮತ್ತು ಪ್ರಸಾಧನ ಸಾಮಗ್ರಿ ನಿಯಮಗಳಲ್ಲಿದ್ದ ಎಚ್ಚರಿಕೆಯನ್ನು 2020ರ ಪ್ರಸಾಧನ ಸಾಮಗ್ರಿ ನಿಯಮಗಳೂ ಉಳಿಸಿಕೊಂಡಿವೆ: ಕಿವಿಯ ಹಿಂದೆ ಅಥವಾ ಮುಂಗೈಯ ಒಳಬದಿಗೆ ತುಸು ಹಚ್ಚಿ 24 ಗಂಟೆ ಕಾಯಬೇಕು, ಅದೂ ಪ್ರತಿ ಸಲ. ಈ ಸೂಚನೆ ಇಂಗ್ಲಿಷಿನಲ್ಲಷ್ಟೇ ಅಲ್ಲ, ಸ್ಥಳೀಯ ಭಾಷೆಗಳಲ್ಲಿಯೂ ಇರಬೇಕು. ಕನ್ನಡದ ಸಾಲು ನಿಮ್ಮ ಮನೆಯ ಪೊಟ್ಟಣದಲ್ಲಿದೆಯೇ ಎಂದು ನೋಡಿ. ನಾನು ಹೋಗುವ ಕ್ಷೌರದಂಗಡಿಯಲ್ಲಿ ಪೊಟ್ಟಣ ಒಡೆದ ಎರಡೇ ನಿಮಿಷಕ್ಕೆ ಕುಂಚ ತಲೆ ಮುಟ್ಟುತ್ತದೆ. ಹಚ್ಚುವ ಹುಡುಗನ ಕೈಗೆ ಗವಸೂ ಇಲ್ಲ.