ಸೀಸ ಬೇಡ, ಬೆಳಕು ಬೇಕು

ಸಂಜೆಯಾದರೆ ವಿಜಯನಗರದ ಮಾರುತಿ ಮಂದಿರದ ಆಸುಪಾಸಿನ ಅಂಗಡಿಗಳು ಎಲ್‌ಇಡಿ ದೀಪಗಳಿಂದ ಝಗಮಗಿಸುತ್ತವೆ. ಕರೆಂಟು ಹೋದರೆ ಎಷ್ಟೋ ಮನೆಗಳಲ್ಲಿ ಯುಪಿಎಸ್ ಕೈ ಹಿಡಿಯುತ್ತದೆ. ಮೆಟ್ಟಿಲ ಕೆಳಗೆ ಇಟ್ಟ ಅದರ ಬ್ಯಾಟರಿಯೊಳಗೆ ಸಾಮಾನ್ಯವಾಗಿ ಇರುವುದು ಸೀಸದ ಫಲಕಗಳು. ಬೆಳಕಿಗೂ ಸೀಸಕ್ಕೂ ಇರುವ ಈ ನಂಟು ಈಗ ಪ್ರಯೋಗಾಲಯಗಳಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ. ಅದನ್ನು ಬಿಡಿಸುವುದು ಹೇಗೆಂದು ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾರೆ.

1839ರಲ್ಲಿ ಜರ್ಮನಿಯ ಗುಸ್ಟಾವ್ ರೋಸ್ ಉರಾಲ್ ಪರ್ವತಗಳ ಖನಿಜವೊಂದಕ್ಕೆ ಪೆರೊವ್‌ಸ್ಕೈಟ್ ಎಂದು ಹೆಸರಿಟ್ಟರು. ಅದೇ ಬಗೆಯ ಪರಮಾಣು ಜೋಡಣೆಯುಳ್ಳ ಹರಳುಗಳಿಗೆಲ್ಲ ಈಗ ಅದೇ ಹೆಸರು. 2015ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮ್ಯಾಕ್ಸಿಮ್ ಕೊವಾಲೆಂಕೊ ಮತ್ತು ಸಂಗಡಿಗರು ಸೀಸಿಯಂ, ಸೀಸ ಹಾಗೂ ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಸೇರಿಸಿ ಇಂಥ ಸೂಕ್ಷ್ಮ ಹರಳುಗಳನ್ನು ತಯಾರಿಸಿದರು. (ಹೆಸರು ಹತ್ತಿರವಾದರೂ ಸೀಸಿಯಂ ಬೇರೆ, ಸೀಸ ಬೇರೆ.) ಅವುಗಳ ಗಾತ್ರ 4ರಿಂದ 15 ನ್ಯಾನೋಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೋಮೀಟರ್!

ಇವುಗಳ ಮೇಲೆ ಅತಿನೇರಿಳೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಕೆಳಗಿಳಿಯುವಾಗ ಪಡೆದ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಎರಡು ಮಟ್ಟಗಳ ನಡುವಿನ ಅಂತರವೇ ಬಣ್ಣವನ್ನು ನಿರ್ಧರಿಸುತ್ತದೆ. ಹೀರಿಕೊಂಡ 100 ಫೋಟಾನ್‌ಗಳಿಗೆ ಪ್ರತಿಯಾಗಿ ಈ ಹರಳುಗಳು 90ರವರೆಗೆ ಹಿಂದಿರುಗಿಸಿದವು. ಟಿವಿ ಪರದೆಗೆ, ದೀಪಕ್ಕೆ ಹೇಳಿ ಮಾಡಿಸಿದಂಥ ಗುಣ.

ಆದರೆ ಅದರಲ್ಲಿ ಸೀಸವಿದೆ. ನೀರು ತಾಗಿದರೆ ಹರಳು ಕೆಡುತ್ತದೆ, ಸೀಸ ಹೊರಬರುತ್ತದೆ. ದೇಹ ಸೇರಿದ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಬೆಂಗಳೂರಿಗೆ ಇದು ಹೊಸ ಸಂಗತಿಯಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದಲ್ಲಿನ ಸೀಸದ ಪರೀಕ್ಷೆಗೆ ಹೆಗಲು ಕೊಟ್ಟು, ಅದರ ಅಪಾಯವನ್ನು ದೇಶಕ್ಕೆ ತಿಳಿಸಿದವರು. ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. 2017ರ ನವೆಂಬರಿನಿಂದ ಮನೆಯ ಬಣ್ಣಗಳಲ್ಲೂ ಸೀಸ 10 ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಒಂದು ಬಾಗಿಲಿನಿಂದ ಹೊರಹಾಕಿದ ವಿಷವನ್ನು ಇನ್ನೊಂದು ಬಾಗಿಲಿನಿಂದ ಕರೆತರುವುದು ಜಾಣತನವೇ?

ಹಾಗಾದರೆ ಸೀಸದ ಜಾಗಕ್ಕೆ ಯಾರು? ಆವರ್ತ ಕೋಷ್ಟಕದಲ್ಲಿ ಅದರ ಮೇಲಿನ ಮನೆಯಲ್ಲಿರುವ ತವರ ಮೊದಲ ಉತ್ತರ. ಆದರೆ ಕತ್ತರಿಸಿದ ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ, ಈ ಹರಳಿನಲ್ಲಿ ತವರ ಬೇಗ ಉತ್ಕರ್ಷಣೆಗೆ ಒಳಗಾಗುತ್ತದೆ. ಎರಡನೆಯ ಉತ್ತರ ಸರಳ ಲೆಕ್ಕ. ಸೀಸದ ಎರಡು ಅಯಾನುಗಳ ಒಟ್ಟು ಆವೇಶ 2+2=4. ಅವುಗಳ ಬದಲು ಬೆಳ್ಳಿಯದೊಂದು, ಇಂಡಿಯಂನದೊಂದು ಅಯಾನು ಇಟ್ಟರೂ 1+3=4. ಇದಕ್ಕೆ ಜೋಡಿ ಪೆರೊವ್‌ಸ್ಕೈಟ್ ಎನ್ನುತ್ತಾರೆ.

ಲೆಕ್ಕ ಸರಿಹೋಯಿತು, ಬೆಳಕು ಮಾತ್ರ ಮಂಕು. ಎಲೆಕ್ಟ್ರಾನ್ ಬೆಳಕು ಬಿಡುತ್ತಾ ಕೆಳಗಿಳಿಯುವ ದಾರಿಗೆ ಹರಳಿನ ಅಚ್ಚುಕಟ್ಟಾದ ಸಮ್ಮಿತಿಯೇ ಅಡ್ಡಿ. 2018ರಲ್ಲಿ ಸಂಶೋಧಕರು ಬೆಳ್ಳಿಯ ಒಂದು ಪಾಲಿನ ಬದಲು ಸೋಡಿಯಂ ಸೇರಿಸಿ ಆ ಸಮ್ಮಿತಿಯನ್ನು ಮುರಿದರು. ಜೊತೆಗೆ ಚಿಟಿಕೆಗಿಂತ ಕಡಿಮೆ ಬಿಸ್ಮತ್. 100ಕ್ಕೆ ಸುಮಾರು 86ರ ದಕ್ಷತೆಯಲ್ಲಿ ಹಿತವಾದ ಬಿಳಿ ಬೆಳಕು ಹೊಮ್ಮಿತು.

ಆದರೆ ಅದು ಪುಡಿಯ ಸಾಧನೆ. ಗಾತ್ರ ನ್ಯಾನೋ ಮಟ್ಟಕ್ಕೆ ಇಳಿದಾಗ ಹೆಚ್ಚು ಪರಮಾಣುಗಳು ಮೇಲ್ಮೈಗೆ ಬರುತ್ತವೆ. ಅಲ್ಲಿನ ಕೊರತೆಗಳು ಬೆಳಕನ್ನು ನುಂಗುತ್ತವೆ. ಅದೇ ವರ್ಷ ಮ್ಯಾಂಗನೀಸ್ ಬೆರೆಸಿದ ಬೆಳ್ಳಿ-ಇಂಡಿಯಂ ನ್ಯಾನೋ ಹರಳುಗಳು ಕಿತ್ತಳೆ ಬಣ್ಣದಲ್ಲಿ ಬೆಳಗಿದರೂ, ದಕ್ಷತೆ 100ಕ್ಕೆ ಸುಮಾರು 16 ಮಾತ್ರ.

ಈ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ 1976ರಲ್ಲಿ ಘನಸ್ಥಿತಿ ರಸಾಯನ ವಿಜ್ಞಾನ ವಿಭಾಗವನ್ನು ಕಟ್ಟಿದರು. ಅಲ್ಲಿ ಡಿ.ಡಿ. ಸರ್ಮಾ ಅವರ ಬಳಿ ಸಂಶೋಧನೆ ಮಾಡಿದ ಅಂಗ್‌ಶುಮಾನ್ ನಾಗ್ ಮುಂದೆ ಪುಣೆಯಲ್ಲಿ ತಮ್ಮ ತಂಡದೊಡನೆ ಬೆಳ್ಳಿ-ಇಂಡಿಯಂ ಹರಳಿಗೆ ಬಿಸ್ಮತ್ ಮತ್ತು ಎರ್ಬಿಯಂ ಬೆರೆಸಿದರು. ಅದು ಹೊಮ್ಮಿಸಿದ್ದು ಕಣ್ಣಿಗೆ ಕಾಣದ, 1540 ನ್ಯಾನೋಮೀಟರ್ ಆಸುಪಾಸಿನ ಬೆಳಕು. ಮನೆಗೆ ಇಂಟರ್‌ನೆಟ್ ತರುವ ಗಾಜಿನ ಎಳೆಗಳಲ್ಲಿ ಕಡಿಮೆ ನಷ್ಟದಿಂದ ಸಾಗುವುದು ಇದೇ ಬಗೆಯ ಬೆಳಕು.

ಸೀಸದ 90ಕ್ಕೂ ಸೀಸರಹಿತ 16ಕ್ಕೂ ನಡುವಿನ ಅಂತರವನ್ನು ತುಂಬುವ ಯತ್ನ ಹಲವು ದೇಶಗಳಲ್ಲಿ ನಡೆದಿದೆ. ಶಾಲೆಯ ಗೋಡೆಯ ಆವರ್ತ ಕೋಷ್ಟಕದಲ್ಲಿ ಸೀಸದ್ದು 82ನೆಯ ಮನೆ, ಬೆಳ್ಳಿಯದು 47, ಇಂಡಿಯಂನದು 49. 1+3=4 ಎಂಬ ಲೆಕ್ಕ ಕೂಡಿಸಬಲ್ಲ ಇನ್ನಾವ ಜೋಡಿಗಳಿವೆ? ಹೈಸ್ಕೂಲ್ ವಿದ್ಯಾರ್ಥಿಗಳು ಇಂದೇ ಹುಡುಕಲು ಕೂರಬಹುದು.