ಎಂಜಿನ್ ಬೋಲ್ಟ್ ಥ್ರೆಡ್‌ಗಳ ದುರಸ್ತಿ

ಥ್ರೆಡ್ ದುರಸ್ತಿ ಎಂದರೆ ಎಂಜಿನ್ನಿನ ಬೋಲ್ಟ್ ರಂಧ್ರದೊಳಗೆ ಸವೆದು ಅಥವಾ ಕಿತ್ತುಹೋದ ತಿರುಪು ಗೆರೆಗಳನ್ನು ಮತ್ತೆ ರೂಪಿಸುವ ಕಾರ್ಯ. ಬೋಲ್ಟು ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ ಮೆಕ್ಯಾನಿಕ್‌ಗಳು 'ಥ್ರೆಡ್ ಹೋಗಿದೆ' ಎನ್ನುತ್ತಾರೆ. ಸರಿಯಾದ ಸಲಕರಣೆಗಳಿದ್ದರೆ ಇಂತಹ ಹಲವು ದುರಸ್ತಿಗಳನ್ನು ಮನೆಯಲ್ಲಿಯೇ ಮಾಡಬಹುದು.

ಕಾರಣಗಳು

ಇಂದಿನ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಬೋಲ್ಟು ಉಕ್ಕಿನದು. ಆದ್ದರಿಂದ ಹೆಚ್ಚು ಬಿಗಿದಾಗ ಮೃದುವಾದ ರಂಧ್ರದ ಥ್ರೆಡ್ ಮೊದಲು ಹಾಳಾಗುತ್ತದೆ. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಸುಮಾರು 10 ನ್ಯೂಟನ್-ಮೀಟರ್ ಬಿಗಿತ ಸಾಕು. ಉದ್ದನೆಯ ಸ್ಪ್ಯಾನರ್ ಹಿಡಿದ ಕೈ ಇದನ್ನು ಸುಲಭವಾಗಿ ಮೀರುತ್ತದೆ. ಬೋಲ್ಟನ್ನು ಓರೆಯಾಗಿ ಕೂರಿಸುವುದು, ಬಿಸಿ ಎಂಜಿನ್ನಿನಿಂದ ಸ್ಪಾರ್ಕ್ ಪ್ಲಗ್ ಬಿಚ್ಚುವುದು, ತುಕ್ಕು ಮತ್ತು ಮಣ್ಣು ಇತರ ಕಾರಣಗಳು.

ಅಳತೆ

ಥ್ರೆಡ್ಡನ್ನು ವ್ಯಾಸ ಮತ್ತು ಗೆರೆಗಳ ನಡುವಿನ ಅಂತರದಿಂದ ಗುರುತಿಸಲಾಗುತ್ತದೆ. 'ಎಂ8 × 1.25' ಎಂದರೆ 8 ಮಿ.ಮೀ. ವ್ಯಾಸ, 1.25 ಮಿ.ಮೀ. ಅಂತರ. ಹಳೆಯ ಜೀಪು ಮತ್ತು ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಅಂಗುಲ ಅಳತೆಯ ಥ್ರೆಡ್‌ಗಳಿವೆ. ಅವುಗಳಿಗೆ ಮಿಲಿಮೀಟರ್ ಬೋಲ್ಟ್ ಹಾಕಿದರೆ ಮೊದಲ ಒಂದೆರಡು ಸುತ್ತು ಹಿಡಿದು, ಬಳಿಕ ಎರಡೂ ಕೆಡುತ್ತವೆ.

ದುರಸ್ತಿ ವಿಧಾನಗಳು

- ಮರುಟ್ಯಾಪಿಂಗ್: ಥ್ರೆಡ್ ಅಲ್ಪವಾಗಿ ಮಾತ್ರ ಕೆಟ್ಟಿದ್ದರೆ ಅದೇ ಅಳತೆಯ ಟ್ಯಾಪ್ ಹಾಯಿಸಿದರೆ ಸಾಕಾಗುತ್ತದೆ.
- ದೊಡ್ಡ ಬೋಲ್ಟ್: ಎಂ8 ರಂಧ್ರವನ್ನು 8.5 ಮಿ.ಮೀ.ಗೆ ಕೊರೆದು ಎಂ10 × 1.5 ಥ್ರೆಡ್ ತೆಗೆಯಬಹುದು. ಸುತ್ತಲಿನ ಲೋಹ ದಪ್ಪವಾಗಿರಬೇಕು.
- ತಂತಿ ಸುರುಳಿ: 'ಹೆಲಿಕಾಯ್ಲ್' ಹೆಸರಿನಿಂದ ಪ್ರಸಿದ್ಧವಾದ ಸ್ಟೇನ್‌ಲೆಸ್ ಉಕ್ಕಿನ ಸುರುಳಿಯನ್ನು ಕೂರಿಸಿದರೆ ಮೊದಲಿನ ಬೋಲ್ಟನ್ನೇ ಬಳಸಬಹುದು. ಅಲ್ಯೂಮಿನಿಯಂನಲ್ಲಿ ಈ ಜೋಡಣೆ ಅನೇಕ ವೇಳೆ ಮೂಲಕ್ಕಿಂತ ಬಲವಾಗಿರುತ್ತದೆ.
- ಗಟ್ಟಿ ಬುಷ್: ಪದೇಪದೇ ಬಿಚ್ಚುವ ಸ್ಪಾರ್ಕ್ ಪ್ಲಗ್ ಮತ್ತು ಆಯಿಲ್ ಡ್ರೈನ್ ರಂಧ್ರಗಳಿಗೆ ಒಳಹೊರಗೆ ಥ್ರೆಡ್ ಇರುವ ಉಕ್ಕಿನ ಬುಷ್ ಹೆಚ್ಚು ಸೂಕ್ತ.

ಸುರುಳಿ ಅಳವಡಿಸುವ ಕ್ರಮ

ಸುರುಳಿ ಕಿಟ್‌ನಲ್ಲಿ ಸೂಚಿಸಿದ ಅಳತೆಯ ಡ್ರಿಲ್‌ನಿಂದ ರಂಧ್ರವನ್ನು ನೇರವಾಗಿ ಕೊರೆಯಬೇಕು. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿದರೆ ಲೋಹದ ಚೂರುಗಳು ತುಂಡಾಗಿ ಹೊರಬರುತ್ತವೆ. ಅಲ್ಯೂಮಿನಿಯಂಗೆ ಸೀಮೆಎಣ್ಣೆಯನ್ನು ಸವರುವುದುಂಟು. ರಂಧ್ರ ಶುದ್ಧವಾದ ಮೇಲೆ ಸುರುಳಿಯನ್ನು ಮೇಲ್ಮೈಗಿಂತ ಸ್ವಲ್ಪ ಕೆಳಕ್ಕೆ ಇಳಿಸಿ, ಅದರ ತುದಿಯ ಸಣ್ಣ ಅಡ್ಡಕಡ್ಡಿಯನ್ನು ಮುರಿದು ತೆಗೆಯಬೇಕು. ಕೊನೆಗೆ ಟಾರ್ಕ್ ವ್ರೆಂಚ್‌ನಿಂದ ನಿಗದಿತ ಬಿಗಿತ ಕೊಡಬೇಕು.

ಎಚ್ಚರಿಕೆಗಳು

ಸ್ಪಾರ್ಕ್ ಪ್ಲಗ್ ರಂಧ್ರವು ನೇರವಾಗಿ ಸಿಲಿಂಡರಿಗೆ ತೆರೆದುಕೊಳ್ಳುತ್ತದೆ. ಒಳಗೆ ಬಿದ್ದ ಚೂರು ಸಿಲಿಂಡರಿನ ಗೋಡೆಯನ್ನು ಗೀರಬಲ್ಲದು. ಟ್ಯಾಪ್‌ಗೆ ಗ್ರೀಸ್ ಹಚ್ಚುವುದರಿಂದ ಚೂರುಗಳು ಅಂಟಿಕೊಳ್ಳುತ್ತವೆ. ಆದರೂ ಹೆಡ್ ಬಿಚ್ಚಿ ಕೆಲಸ ಮಾಡುವುದೇ ನಿರಪಾಯ. ಟ್ಯಾಪ್ ಮುರಿದು ಒಳಗೇ ಉಳಿದರೆ ಅದನ್ನು ಸಾಮಾನ್ಯ ಡ್ರಿಲ್ ಕೊರೆಯಲಾರದು. ಹೆಡ್ ಬೋಲ್ಟ್, ಕನೆಕ್ಟಿಂಗ್ ರಾಡ್ ಮತ್ತು ಬ್ರೇಕ್ ಭಾಗಗಳ ಥ್ರೆಡ್‌ಗಳನ್ನು ಮನೆಯಲ್ಲಿ ದುರಸ್ತಿ ಮಾಡುವುದು ಅಪಾಯಕರ. ಅಂಟಿನಿಂದ ತುಂಬುವ ಉಪಾಯ ಎಂಜಿನ್ನಿನ ಬಿಸಿ ಮತ್ತು ಕಂಪನದ ಮುಂದೆ ನಿಲ್ಲುವುದಿಲ್ಲ.

ಚಿಕ್ಕಬಳ್ಳಾಪುರ ಪ್ರದೇಶದಲ್ಲಿ

ಕೋಲಾರದಿಂದ 2007ರಲ್ಲಿ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರೇಷ್ಮೆ, ತರಕಾರಿ ಮತ್ತು ಹೂವಿನ ಬೆಳೆಗಳು ಪ್ರಧಾನ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹೆಸರುವಾಸಿ. ಚಿಂತಾಮಣಿಯಲ್ಲಿ ಟೊಮೆಟೊ ವ್ಯಾಪಾರ ನಡೆಯುತ್ತದೆ. ಚಿಟ್ಟೆ ಹೊರಬರುವ ಮುನ್ನ ಗೂಡು ಮಾರಾಟವಾಗಲೇಬೇಕು. ಟೊಮೆಟೊ ಬೇಗ ಕೊಳೆಯುತ್ತದೆ. ಹೀಗಾಗಿ ವಾಹನ ಒಂದು ದಿನ ನಿಂತರೂ ರೈತನಿಗೆ ನಷ್ಟ. ಗೌರಿಬಿದನೂರು ಸೇರಿದಂತೆ ತಾಲ್ಲೂಕು ಕೇಂದ್ರಗಳಲ್ಲಿ ಟ್ರ್ಯಾಕ್ಟರ್ ಮತ್ತು ಪಂಪುಗಳ ಕೆಲಸ ಮಾಡುವ ಲೇತ್ ಅಂಗಡಿಗಳಲ್ಲಿ ಬುಷ್ ಕಡೆಸಿಕೊಳ್ಳಬಹುದು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹೆಸರಾಗಿದೆ. ಮನೆಯಲ್ಲಿ ನೇರವಾಗಿ ಕೊರೆಯುವ ಅನುಕೂಲವಿಲ್ಲದವರು ಬಿಚ್ಚಿದ ಭಾಗವನ್ನು ಲೇತ್ ಅಂಗಡಿಗೆ ಒಯ್ಯುವುದು ಲೇಸು; ಓರೆಯಾಗಿ ಕೊರೆದ ರಂಧ್ರವನ್ನು ಸರಿಪಡಿಸುವುದು ಹೋದ ಥ್ರೆಡ್ಡನ್ನು ಸರಿಪಡಿಸುವುದಕ್ಕಿಂತ ಕಷ್ಟ.