ಗಣಕದ ದುಭಾಷಿ: ವಿತರಿತ ದತ್ತಸಂಚಯದಲ್ಲಿ ಕನ್ನಡ ಪದ

ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಈ ಐದು ಕೇಂದ್ರಗಳ ರೈಲ್ವೆ ಮುಂಗಡ ಟಿಕೆಟಿನ ಗಣಕಗಳು 1999ರಲ್ಲಿ ‘ಕಾನ್ಸರ್ಟ್’ ಎಂಬ ವ್ಯವಸ್ಥೆಯಡಿ ಒಂದಕ್ಕೊಂದು ಜೋಡಣೆಗೊಂಡವು. ದಾದರಿನ ಕಿಟಕಿಯಲ್ಲಿ ನಿಂತವರಿಗೆ ಚೆನ್ನೈಯಿಂದ ಬೆಂಗಳೂರಿಗೆ ಹೊರಡುವ ಗಾಡಿಯ ಆಸನವೂ ದೊರೆಯುವಂತಾಯಿತು. ಆ ಗಾಡಿಯ ಲೆಕ್ಕ ಯಾವ ಊರಿನ ಗಣಕದಲ್ಲಿದೆ ಎಂಬುದನ್ನು ಗುಮಾಸ್ತರು ತಿಳಿದಿರಬೇಕಿಲ್ಲ. ಹೀಗೆ ಹಲವು ಯಂತ್ರಗಳಲ್ಲಿ ಹಂಚಿಹೋಗಿದ್ದರೂ ಒಂದೇ ಎಂಬಂತೆ ಬಳಕೆಯಾಗುವ ಮಾಹಿತಿಯ ಭಂಡಾರವೇ ವಿತರಿತ ದತ್ತಸಂಚಯ.

ಇಂಥ ಭಂಡಾರದೊಡನೆ ಕ್ರಮವಿಧಿಯೊಂದು ವ್ಯವಹರಿಸಬೇಕಾದರೆ ನಡುವೆ ದುಭಾಷಿಯೊಬ್ಬ ಬೇಕು. ಪೈಥಾನ್, ರೂಬಿಯಂಥ ಸ್ಕ್ರಿಪ್ಟಿಂಗ್ ಭಾಷೆಗಳ ಕೋರಿಕೆಯನ್ನು ಭಂಡಾರಕ್ಕೆ ತಿಳಿಸಿ, ಬಂದ ಉತ್ತರವನ್ನು ಅದೇ ಭಾಷೆಯ ಪದ, ಸಂಖ್ಯೆ, ಪಟ್ಟಿಗಳಾಗಿ ಒಪ್ಪಿಸುವ ಈ ದುಭಾಷಿಗೆ ‘ಬೈಂಡಿಂಗ್’ ಎನ್ನುತ್ತಾರೆ. ಅದು ಎರಡು ಬಗೆಯದು. ಕನ್ನಡ ಕಾದಂಬರಿಯನ್ನು ಇಂಗ್ಲಿಷಿನ ಮೂಲಕ ಮರಾಠಿಗೆ ತರುವವರಿದ್ದಾರೆ, ನೇರವಾಗಿ ತರುವವರೂ ಇದ್ದಾರೆ, ಹಾಗೆಯೇ ಇದು. ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಫೇಸ್‌ಬುಕ್ ಸಂಸ್ಥೆಯಲ್ಲಿ ರೂಪಿಸಿದ, 2008ರಲ್ಲಿ ಎಲ್ಲರಿಗೂ ಮುಕ್ತವಾದ ‘ಕಸ್ಸಾಂಡ್ರಾ’ ಮೊದಲು ‘ಥ್ರಿಫ್ಟ್’ ಎಂಬ ಮಧ್ಯವರ್ತಿಯನ್ನು ನೆಚ್ಚಿಕೊಂಡಿತ್ತು. ಎಲ್ಲ ಭಾಷೆಗಳಿಗೂ ಒಂದೇ ಅಚ್ಚು. ಯಾವ ಭಾಷೆಯ ಜಾಯಮಾನಕ್ಕೂ ಅದು ಪೂರ್ತಿ ಒಗ್ಗಲಿಲ್ಲ. 2013ರಲ್ಲಿ ನೇರ ಸಂಭಾಷಣೆಯ ಕ್ರಮವೊಂದು ಜಾರಿಗೆ ಬಂದಿತು. 2021ರ ನಾಲ್ಕನೆಯ ಆವೃತ್ತಿಯಲ್ಲಿ ಥ್ರಿಫ್ಟ್‌ಗೆ ವಿದಾಯ ಹೇಳಲಾಯಿತು.

ದುಭಾಷಿಯ ಅಲೆದಾಟವೂ ಒಂದು ಸಮಸ್ಯೆಯೇ. ಆರು ಪ್ರಯಾಣಿಕರ ಹೆಸರನ್ನು ಒಂದೇ ಅರ್ಜಿಯಲ್ಲಿ ಬರೆದುಕೊಡುವ ಬದಲು ಆರು ಸಲ ಸರದಿಯಲ್ಲಿ ನಿಲ್ಲುವ ಕ್ರಮವಿಧಿಗಳೇ ಹೆಚ್ಚು. ಪೊವಾಯಿಯ ಐಐಟಿಯಲ್ಲಿ ಎಸ್. ಸುದರ್ಶನ್ ಮತ್ತು ಸಂಗಡಿಗರು ರೂಪಿಸಿದ ‘ಡಿಬ್ರಿಜ್’ ಎಂಬ ಸಾಧನವು ಜಾವಾ ಕ್ರಮವಿಧಿಗಳ ಇಂಥ ಬಿಡಿ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕಳುಹಿಸುವಂತೆ ತಿದ್ದಿ ಬರೆಯುತ್ತದೆ.

ಕನ್ನಡದ ವಿದ್ಯಾರ್ಥಿಗೆ ಇವೆಲ್ಲಕ್ಕಿಂತ ಹತ್ತಿರದ ಪ್ರಶ್ನೆ ಅಕ್ಷರದ್ದು. ‘ಮುಂಬಯಿ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಆರು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಹದಿನೆಂಟು ಬೈಟು. ಬೈಟನ್ನೇ ಅಕ್ಷರವೆಂದು ಬಗೆವ ದುಭಾಷಿ ಹತ್ತನೆಯದಕ್ಕೆ ಕತ್ತರಿ ಹಾಕಿದರೆ ‘ಮುಂ’ ಉಳಿದು ‘ಬ’ ಛಿದ್ರವಾಗುತ್ತದೆ. ಇದಾದರೋ ಕಣ್ಣಿಗೆ ಬೀಳುವ ದೋಷ. ಕಣ್ಣಿಗೆ ಬೀಳದ ಇನ್ನೊಂದಿದೆ. ‘ಗೊರೂರು’ ಎಂಬಲ್ಲಿನ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದಾದಮೇಲೊಂದು ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಕಸ್ಸಾಂಡ್ರಾದಂಥ ಭಂಡಾರವು ಪದದ ಬೈಟುಗಳಿಂದ ಸಂಖ್ಯೆಯೊಂದನ್ನು ಲೆಕ್ಕಹಾಕಿ, ಆ ಸಂಖ್ಯೆಯ ಮೇಲೆ ದಾಖಲೆ ಯಾವ ಯಂತ್ರಕ್ಕೆ ಸೇರಬೇಕೆಂದು ನಿರ್ಧರಿಸುತ್ತದೆ. ನುರಿತ ದುಭಾಷಿ ಆ ಲೆಕ್ಕವನ್ನು ತಾನೇ ಹಾಕಿ ನೇರವಾಗಿ ಆ ಯಂತ್ರದ ಬಾಗಿಲಿಗೇ ಹೋಗುತ್ತಾನೆ. ಬೈಟು ಬೇರೆಯಾದರೆ ಅಷ್ಟೇ ಚುರುಕಾಗಿ ತಪ್ಪು ಬಾಗಿಲಿಗೆ.

ಮುಂಬಯಿಯ ಕನ್ನಡ ಗ್ರಂಥಾಲಯಗಳ ಪುಸ್ತಕಸೂಚಿಯನ್ನು ಲೇಖಕರ ಹೆಸರಿನ ಆಧಾರದ ಮೇಲೆ ಇಂಥ ಭಂಡಾರದಲ್ಲಿ ಇರಿಸಲಾಗಿದೆ ಎಂದಿಟ್ಟುಕೊಳ್ಳೋಣ. ಮಾಟುಂಗದಲ್ಲಿ ಒಂದು ರೀತಿ, ಕಲೀನಾದಲ್ಲಿ ಇನ್ನೊಂದು ರೀತಿ ಬೆರಳಚ್ಚಾದರೆ ಗೊರೂರರ ಪುಸ್ತಕಗಳು ಎರಡು ಪಾಲಾಗುತ್ತವೆ. ಒಂದೆಡೆ ಹುಡುಕಿದವನಿಗೆ ಇನ್ನೊಂದೆಡೆಯವು ಇಲ್ಲವೆಂದೇ ಉತ್ತರ ಬರುತ್ತದೆ. ಪದವನ್ನು ಸೇರಿಸುವಾಗಲೂ ಹುಡುಕುವಾಗಲೂ ಮೊದಲು ಒಂದೇ ರೂಪಕ್ಕೆ ತರುವುದೇ ಇದಕ್ಕೆ ಪರಿಹಾರ. ಪೈಥಾನಿನಲ್ಲಿ ಅದು ಒಂದು ಸಾಲಿನ ಕೆಲಸ. ಆ ಸಾಲನ್ನು ಮಾತ್ರ ದುಭಾಷಿ ತಾನಾಗಿ ಸೇರಿಸುವುದಿಲ್ಲ; ಕನ್ನಡದ ಕಾಗುಣಿತ ಬಲ್ಲವರು ಕ್ರಮವಿಧಿಯಲ್ಲಿ ಬರೆದಿಡಬೇಕು.